ಸತ್ತವರ ಒಂದು ಬಾಟಲಿ, ಬದುಕಿದವರ ನೂರೆಂಬತ್ತು ಕುರ್ಚಿ

ಪಾರ್ಕುಗಳಲ್ಲಿ ಮದ್ಯಕ್ಕೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ಕಳೆದ ವರ್ಷ ಪಿತೃಪಕ್ಷದ ಅಮಾವಾಸ್ಯೆಯ ದಿನ, ನ್ಯೂ ಲಿನ್ ಸ್ಟೇಷನ್ನಿನಿಂದ ಎಂಟು ನಿಮಿಷ ನಡೆದರೆ ಸಿಗುವ ಪಾರ್ಕಿನಲ್ಲಿ, ಪೂರಿರಿ ಮರದ ಕೆಳಗೆ, ಸತ್ತುಹೋದ ನನ್ನ ಗಂಡನಿಗೆಂದು ಇಟ್ಟಿದ್ದ ಒಂದೇ ಒಂದು ಬಾಟಲಿ ಬಿಯರನ್ನು ನಿಮ್ಮ ಕಾನೂನು ಹುಲ್ಲಿಗೆ ಸುರಿಸಿತು. ಅದೇ ಮರದ ಕೆಳಗೆ ಈ ಬೇಸಿಗೆಯಿಂದ ನೂರೆಂಬತ್ತು ಜನ ಕೂತು ಕುಡಿಯುವ ಬಿಯರ್ ತೋಟಕ್ಕೆ ನೀವು ಅನುಮತಿ ಕೊಡಲು ಹೊರಟಿರುವುದು ಆ ಮರಕ್ಕೇ ಕಟ್ಟಿದ ನೋಟಿಸಿನಿಂದ ತಿಳಿಯಿತು. ಬಿಯರ್ ಬೇಡವೆಂದು ಕೂಗುವ ಹೆಂಗಸು ಇನ್ನೊಬ್ಬಳು ಬಂದಳು ಎಂದು ಕಡತವನ್ನು ಪಕ್ಕಕ್ಕೆ ಸರಿಸುವ ಮೊದಲು ಒಂದು ಮಾತು ಕೇಳಿ. ನನ್ನ ಗಂಡ ತೀರಿಕೊಂಡದ್ದು ಆ ಮರದ ಕೆಳಗಿನ ಬೆಂಚಿನ ಮೇಲೆಯೇ. ಆ ಬೆಂಚನ್ನು ನೀವು ಕೀಳಬಾರದು, ಅಲ್ಲಿ ನಡೆದದ್ದನ್ನು ತಿಳಿಯದೆ ಅಲ್ಲಿ ಯಾರಿಗೂ ಕುಡಿಸಬಾರದು. ನನ್ನ ತಕರಾರು ಇಷ್ಟೇ.

ನಿಮ್ಮ ಜಾಲತಾಣದಲ್ಲಿ ಆಕ್ಷೇಪಣೆಯ ಅರ್ಜಿ ತುಂಬಲು ಕೂತಿದ್ದೆ. ನೀವು ನೆರೆಯವರೋ, ವ್ಯಾಪಾರಿಗಳೋ, ಇತರರೋ ಎಂದು ಕೇಳಿತು. ಇತರರು ಎಂದು ಒತ್ತಿದೆ. ನಿಮ್ಮ ಆತಂಕ ಗದ್ದಲವೋ, ಕಸವೋ, ಪಾರ್ಕಿಂಗೋ ಎಂದು ಕೇಳಿತು. ಇಲ್ಲಿ ‘ಇತರೆ’ ಎಂಬ ಚೌಕವನ್ನು ನೀವು ಇಟ್ಟಿರಲಿಲ್ಲ. ಮನುಷ್ಯರಿಗೆ ಮೂರೇ ಆತಂಕ ಎಂದು ತೀರ್ಮಾನಿಸಿದ್ದೀರಿ. ಬೇರೆ ದಾರಿಯಿಲ್ಲದೆ ಪಾರ್ಕಿಂಗ್ ಒತ್ತಿದೆ. ನನ್ನ ಬಳಿ ಕಾರಿಲ್ಲ. ಆಮೇಲೆ ನಾಚಿಕೆಯಾಗಿ ಎಲ್ಲವನ್ನೂ ಅಳಿಸಿ, ನನಗೆ ಸರಾಗವಾಗಿ ಜಗಳವಾಡಲು ಬರುವ ಭಾಷೆಯಲ್ಲೇ ಬರೆದು ನಮ್ಮ ಕನ್ನಡ ಕೂಟದ ಪತ್ರಿಕೆಗೆ ಕೊಡುತ್ತಿದ್ದೇನೆ.

ನಿಮ್ಮ ಯೋಜನೆಯ ಹದಿನಾರೂ ಪುಟ ಓದಿದ್ದೇನೆ. ಹಳೆಯ ಬೆಂಚು ಕಿತ್ತ ಜಾಗದಲ್ಲಿ ಪೈನ್ ಮರದ ಮೇಜು, ತೂಗುದೀಪ, ಮಕ್ಕಳಿಗೆ ಮರಳಿನ ಗುಂಡಿ, ನಾಯಿಗಳಿಗೆ ನೀರಿನ ಬಟ್ಟಲು. ನಾಯಿಯ ಬಾಯಾರಿಕೆಯನ್ನೂ ಯೋಚಿಸಿದ್ದೀರಿ, ಸಂತೋಷ. ಆರನೇ ಪುಟದಲ್ಲಿ, ಪಾರ್ಕಿನ ಈ ಮೂಲೆ ನಿರ್ಜೀವವಾಗಿದೆ, ಇದನ್ನು ಯಾರೂ ಬಳಸುವುದಿಲ್ಲ, ಇದಕ್ಕೆ ಜೀವ ತುಂಬಬೇಕು ಎಂದು ಬರೆದಿದ್ದೀರಿ. ಯಾರೂ ಬಳಸುವುದಿಲ್ಲವೆಂದು ನಿಮಗೆ ಹೇಳಿದವರು ಯಾರು? ನನ್ನ ಗಂಡ ಹನ್ನೊಂದು ವರ್ಷ, ವಾರಕ್ಕೆ ಐದು ದಿನ ಬಳಸಿದರು. ಈಗಲೂ ಬಳಸುತ್ತಿದ್ದಾರೆ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಓದಿ ಆಮೇಲೆ ನಗಿ.

ಅವರ ಹೆಸರು ಚಂದ್ರಹಾಸ. ಮೂವತ್ತು ವರ್ಷದ ಸಂಸಾರದಲ್ಲಿ ಆ ಹೆಸರನ್ನು ನಾನು ಬಾಯಿಬಿಟ್ಟು ಕರೆದದ್ದಿಲ್ಲ. ಮೊದಲ ಸಲ ಹೇಳಿದ್ದು ಶವಾಗಾರದ ಗುಮಾಸ್ತನಿಗೆ, ಒಂದೊಂದೇ ಅಕ್ಷರ ಬಿಡಿಸಿ. ಮೈಸೂರಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಮೇಲ್ವಿಚಾರಕರಾಗಿದ್ದವರು ಈ ದೇಶಕ್ಕೆ ಬಂದು ಪೆನ್‌ರೋಸಿನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿದರು. ಎತ್ತಿ ಇಳಿಸುತ್ತಿದ್ದುದು ಬಹುಪಾಲು ಬಿಯರ್. ಈಗ ನಿಮ್ಮ ಮುಂದೆ ಅರ್ಜಿ ಹಾಕಿರುವ ಬ್ರೂವರಿಯ ಪೆಟ್ಟಿಗೆಗಳೂ ಅದರಲ್ಲಿದ್ದವು. ಬೆಳಗಿನ ಪಾಳಿ ಮುಗಿಸಿ, ರೈಲಿಳಿದು, ಆ ಬೆಂಚಿನಲ್ಲಿ ಕೂತು ಒಂದು ಬಾಟಲಿ ಕುಡಿದು, ಬಾಯಿಗೆ ಎರಡು ಲವಂಗ ಹಾಕಿಕೊಂಡು ನಾಲ್ಕೂವರೆಗೆ ಮನೆಗೆ ಬರುತ್ತಿದ್ದರು. ಬಾಟಲಿಯನ್ನು ಕಂದು ಕಾಗದದ ಚೀಲದಲ್ಲಿ ಸುತ್ತಿಟ್ಟುಕೊಳ್ಳುತ್ತಿದ್ದರು, ನಿಮ್ಮ ಮದ್ಯನಿಷೇಧದ ಫಲಕಕ್ಕೆ ಹೆದರಿ. ಅವರು ಎರಡನೆಯ ಬಾಟಲಿ ತೆರೆದದ್ದನ್ನು ಕಂಡವರಿಲ್ಲ.

ಮನೆಯಲ್ಲೇ ಕುಡಿಯಬಹುದಿತ್ತಲ್ಲ ಎಂದು ಕೇಳುತ್ತೀರಾ? ಮನೆಯಲ್ಲಿ ನಿಮಗಿಂತ ಕಟ್ಟುನಿಟ್ಟಿನ ಅಧಿಕಾರಿಯೊಬ್ಬಳಿದ್ದಳು. ನಾನೇ. ನಮ್ಮಪ್ಪ ಸಾರಾಯಿ ಕುಡಿದು ಕುಡಿದು ನಲವತ್ತೆರಡಕ್ಕೇ ಹೋದವರು. ಮದುವೆಗೆ ಮುಂಚೆ, ಒಂಟಿಕೊಪ್ಪಲಿನ ನಮ್ಮ ಮನೆಯ ಜಗಲಿಯ ಮೇಲೆ, ಹಿರಿಯರೆಲ್ಲ ಕೂತಿರುವಾಗಲೇ ನಾನು ಷರತ್ತು ಹಾಕಿದ್ದೆ: ನನ್ನ ಮನೆಯೊಳಗೆ ಒಂದು ತೊಟ್ಟು ಬರಕೂಡದು. ಅವರು ನಕ್ಕು, “ಹೊಸ್ಲು ದಾಟ್ಸಲ್ಲ ಕಣಮ್ಮಿ, ಆಯ್ತಾ?” ಅಂದಿದ್ದರು. ದಾಟಿಸಲೇ ಇಲ್ಲ. ಮಳೆ ಬಂದರೂ, ಜ್ವರ ಇದ್ದರೂ, ಮಂಡಿ ಊದಿದ್ದರೂ ಪಾರ್ಕಿನಲ್ಲೇ ಮುಗಿಸಿ ಬಂದರು. ನಾನು ಗೆದ್ದೆ ಅಂದುಕೊಂಡಿದ್ದೆ. ಲವಂಗದ ವಾಸನೆ ಮೂಗಿಗೆ ಬಡಿದ ಕೂಡಲೇ, “ಬಂದ್ರಾ ಪಾರ್ಕಿನ್ ಮಾರಾಜ್ರು?” ಎಂದು ಚುಚ್ಚುತ್ತಿದ್ದೆ. ಅವರು ತಲೆ ತಗ್ಗಿಸಿ ಶೂ ಬಿಚ್ಚುತ್ತಿದ್ದರು. ನಿಷೇಧ ಹೊರಡಿಸಿದವರಿಗೆ, ಆ ಮನುಷ್ಯ ಆಮೇಲೆ ಎಲ್ಲಿಗೆ ಹೋದ ಎಂದು ನೋಡುವ ಅಭ್ಯಾಸ ಇರುವುದಿಲ್ಲ. ನಿಮಗೂ ಇಲ್ಲ, ನನಗೂ ಇರಲಿಲ್ಲ.

ಈಗ ಆ ಬಾಟಲಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಪಿತೃಪಕ್ಷವೆಂದರೆ ದರ್ಭೆ, ಮಂತ್ರಗಳ ಬಾಬತ್ತಲ್ಲ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನು ಬಾಳೆಲೆಯ ಮೇಲೆ ಬಡಿಸುತ್ತೇವೆ, ಅದೇ ಎಡೆ. ಮಟನ್ ಸಾರು, ಮುದ್ದೆ, ವಡೆ, ಕಜ್ಜಾಯ, ಪಕ್ಕದಲ್ಲೊಂದು ಹೊಸ ಅಂಗಿ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಅವರು ಕುಡಿಯುತ್ತಿದ್ದದ್ದೇ. ಬಡಿಸಿ, ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ, ಏಕೆಂದರೆ ಸತ್ತವರು ನೋಡುವವರ ಎದುರು ಉಣ್ಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ಪಿತೃಪಕ್ಷಕ್ಕೆ ನಾನು ಅಡಕತ್ತರಿಯಲ್ಲಿ ಸಿಕ್ಕಿಬಿದ್ದೆ. ಬಿಯರ್ ಇಲ್ಲದೆ ಅವರಿಗೆ ಎಡೆ ಇಡುವಂತಿಲ್ಲ. ಮನೆಯೊಳಗೆ ಬಿಯರ್ ತರುವಂತಿಲ್ಲ. ಅವರು ಸಾಯುವ ತನಕ ಕಾಪಾಡಿದ ಮಾತನ್ನು ಸತ್ತ ಮೇಲೆ ನಾನು ಮುರಿಯಲೇ? ಮಗಳು ತನುಶ್ರೀ, ಇಲ್ಲೇ ಹುಟ್ಟಿದವಳು, “ಅಮ್ಮಾ, ಜಸ್ಟ್ ಪುಟ್ ಇಟ್ ಇನ್ ದ ಗರಾಜ್” ಅಂದಳು. ಗರಾಜೂ ಮನೆಯೇ ಅಲ್ಲವೇ? ಕೊನೆಗೆ, ಅವರು ಎಲ್ಲಿ ಕುಡಿಯುತ್ತಿದ್ದರೋ ಅಲ್ಲೇ ಬಡಿಸುವುದೆಂದು ತೀರ್ಮಾನಿಸಿದೆ. ಐವತ್ತೇಳನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಮದ್ಯದಂಗಡಿಯ ಒಳಗೆ ಕಾಲಿಟ್ಟು, ಬೆವರುತ್ತಾ ಒಂದು ಬಾಟಲಿ ಕೊಂಡೆ.

ತಪ್ಪು ನನ್ನದೇ, ಒಪ್ಪುತ್ತೇನೆ. ಬಾಟಲಿಗೆ ಅಡ್ಡಗೆರೆ ಎಳೆದ ನಿಮ್ಮ ಫಲಕ ನೋಡಿದ್ದೆ. ಅದು ಬದುಕಿರುವವರಿಗೆ ಅಂದುಕೊಂಡಿದ್ದೆ. ಮುಚ್ಚಳ ತೆಗೆದೇ ಇಟ್ಟೆ, ಸತ್ತವರು ಓಪನರ್ ಎಲ್ಲಿಂದ ತಂದಾರು? ಎಲೆ, ಅಂಗಿ, ಫೋಟೋ, ಲೋಟ ಎಲ್ಲವನ್ನೂ ಬೆಂಚಿನ ಮೇಲೆ ಜೋಡಿಸಿ, ಪಾರ್ಕಿಗೆ ಬಾಗಿಲಿಲ್ಲವಾದ್ದರಿಂದ ಬೆನ್ನು ತಿರುಗಿಸಿ ನಿಂತೆ. ಒಂಟಿ ಹೆಂಗಸೊಬ್ಬಳು ಬಾಟಲಿ ಇಟ್ಟುಕೊಂಡು ಮರದ ಜೊತೆ ಮಾತಾಡುತ್ತಿದ್ದಾಳೆ ಎಂದು ಯಾರೋ ಫೋನ್ ಮಾಡಿದ್ದರು. ಬಂದ ಕಾನ್‌ಸ್ಟೇಬಲ್ ಮರ್ಯಾದಸ್ಥ. ಇದು ಯಾರ ಬಿಯರ್ ಎಂದು ಕೇಳಿದ.

“ನನ್ನ ಗಂಡಂದು.”

“ಅವರೆಲ್ಲಿದ್ದಾರೆ?”

“ಬರ್ತಾರೆ. ನೀವ್ ನಿಂತಿದ್ರೆ ಬರಲ್ಲ.”

“ಬರೋದಕ್ಕೆ ಇನ್ನೆಷ್ಟು ಹೊತ್ತಾಗುತ್ತೆ, ಮ್ಯಾಮ್?”

“ಗೊತ್ತಿಲ್ಲಪ್ಪ. ಸತ್ತು ಒಂದು ವರ್ಷ ನಾಲ್ಕು ತಿಂಗ್ಳಾಯ್ತು.”

ಅವನು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಸಾರಿ ಅಂದ, ಬಾಯಿಮಾತಿಗಲ್ಲ, ನಿಜವಾಗಿ ಅಂದ. ದಂಡ ಹಾಕಲಿಲ್ಲ. ಆದರೆ ತೆರೆದ ಬಾಟಲಿಯನ್ನು ನಿಷೇಧದ ಜಾಗದಲ್ಲಿ ಬಿಟ್ಟು ಹೋಗುವ ಅಧಿಕಾರ ತನಗಿಲ್ಲ ಎಂದು ಹೇಳಿ, ಮರದಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಸುರಿದ. ನೊರೆ ಇಂಗುವವರೆಗೂ ಇಬ್ಬರೂ ನೋಡುತ್ತಾ ನಿಂತೆವು. ಉಣ್ಣಲು ಕೂತವರ ಮುಂದಿನಿಂದ ಲೋಟ ಕಿತ್ತುಕೊಂಡರೆ ಬದುಕಿರುವವರೇ ಎಲೆ ಬಿಟ್ಟು ಏಳುತ್ತಾರೆ. ಸತ್ತವರು ಏನು ಮಾಡಬೇಕು, ಮಾನ್ಯರೇ? ಸುರಿದವನು ಪೊಲೀಸಿನವನು, ತಾವಲ್ಲ ಎಂದು ನೀವು ಕೈ ತೊಳೆದುಕೊಳ್ಳಬಹುದು. ಫಲಕ ನೆಟ್ಟವರು ನೀವೇ.

ಅಂದಿನಿಂದ ನನ್ನ ಗಂಡ ಬಿಟ್ಟು ಹೋಗಿಲ್ಲ. ಇದನ್ನು ಬರೆಯಲು ನನಗೆ ಸಂಕೋಚವಿದೆ. ನಾನು ಇಪ್ಪತ್ತು ವರ್ಷದಿಂದ ವೃದ್ಧಾಶ್ರಮದಲ್ಲಿ ಕೇರ್‌ಗಿವರ್. ಎಷ್ಟೋ ಜನರ ಕಣ್ಣು ಮುಚ್ಚಿಸಿದ್ದೇನೆ, ಜೀವ ಹೋದ ಮೇಲೆ ಇಲ್ಲಿನ ಪದ್ಧತಿಯಂತೆ ಕಿಟಕಿ ತೆರೆದಿದ್ದೇನೆ. ದೆವ್ವಕ್ಕೆ ಹೆದರುವವಳಲ್ಲ. ಆದರೂ ನಾಲ್ಕೂವರೆಯಾದರೆ ನಮ್ಮ ಬಾಗಿಲ ಬಳಿ, ಶೂ ಇಡುವ ಗೂಡಿನ ಪಕ್ಕ ಲವಂಗದ ವಾಸನೆ ಬರುತ್ತದೆ. ಡಬ್ಬಿಯಲ್ಲಿದ್ದ ಲವಂಗವನ್ನೆಲ್ಲ ಎಸೆದೆ, ಗೂಡನ್ನು ಸೋಪು ಹಾಕಿ ತೊಳೆದೆ. ವಾಸನೆ ಹೋಗಲಿಲ್ಲ. ತನುಶ್ರೀ, “ಇಟ್ಸ್ ಪ್ರಾಬಬ್ಲಿ ದ ಡ್ರೈನ್, ಅಮ್ಮಾ” ಅನ್ನುತ್ತಾಳೆ, ಆದರೆ ತನ್ನ ಶೂಗಳನ್ನು ಈಗ ರೂಮಿನೊಳಗೇ ಇಟ್ಟುಕೊಳ್ಳುತ್ತಾಳೆ. ನಾನು ಎಷ್ಟೋ ಸಲ ಬಾಗಿಲು ತೆರೆದು, “ಒಳಗ್ ಬನ್ನಿ” ಅಂದಿದ್ದೇನೆ. “ಬಾಟ್ಲಿ ತಂದ್ರೂ ಪರ್ವಾಗಿಲ್ಲ, ಬನ್ನಿ” ಅಂತಲೂ ಅಂದಿದ್ದೇನೆ. ಬರುವುದಿಲ್ಲ. ಮಾತು ಕೊಟ್ಟ ಮನುಷ್ಯ.

ನನ್ನ ಜೊತೆ ಕೆಲಸ ಮಾಡುವ ಹಿನೆ ಎಂಬ ಮಾವೋರಿ ಹೆಂಗಸಿಗೆ, ಈ ನೆಲದ ಮೂಲದವಳಿಗೆ, ಇದನ್ನು ಹೇಳಿದೆ. ಅವಳು ನಗಲಿಲ್ಲ. ಸಾವಾದ ಜಾಗದ ಹತ್ತಿರ ತಮ್ಮವರು ತಿನ್ನುವುದೂ ಇಲ್ಲ, ಕುಡಿಯುವುದೂ ಇಲ್ಲ, ಮೊದಲು ಪ್ರಾರ್ಥನೆ ಮಾಡಿ ಜಾಗವನ್ನು ಸಾವಿನ ಹಿಡಿತದಿಂದ ಬಿಡಿಸಬೇಕು ಎಂದಳು. ಆಮೇಲೆ, “ನೀವು ಸತ್ತವರಿಗೆ ಊಟ ಇಡ್ತೀರಿ, ನಾವು ಊಟನ ಸತ್ತವರಿಂದ ದೂರ ಇಡ್ತೀವಿ. ಅವರು ಅಲ್ಲೇ ಇದ್ದಾರೆ ಅನ್ನೋದು ಮಾತ್ರ ಇಬ್ಬರಿಗೂ ಗೊತ್ತು” ಅಂದಳು. ನಿಮ್ಮ ಹದಿನಾರು ಪುಟಗಳಲ್ಲಿ ಗೊತ್ತಿಲ್ಲದ್ದು ಅದೊಂದೇ. ಈ ವರ್ಷದ ಅಮಾವಾಸ್ಯೆಗೆ ಬಿಯರಿನ ಬದಲು ಫ್ಲಾಸ್ಕಿನಲ್ಲಿ ಟೀ ಒಯ್ದೆ. ಕಾನೂನಿಗೆ ತೃಪ್ತಿಯಾಯಿತು. ಅವರಿಗೆ ಆದಂತೆ ಕಾಣಲಿಲ್ಲ. ಎರಡು ತಿಂಗಳಾಗುವುದರೊಳಗೆ ಆ ಮರದಲ್ಲಿ ನಿಮ್ಮ ನೋಟಿಸು ತೂಗುತ್ತಿತ್ತು.

ಅದೇ ಮರ, ಅದೇ ನೆಲ, ಅದೇ ಬ್ರೂವರಿಯ ಬಿಯರ್. ಸುತ್ತ ಒಂದು ಬೇಲಿ ಹಾಕಿ ಅರ್ಜಿ ಕೊಟ್ಟರೆ ನಿಷೇಧ ಆವಿಯಾಗುತ್ತದೆ ಎಂದಾದರೆ, ನಿಮಗೆ ಅಷ್ಟು ಭಯ ಹುಟ್ಟಿಸಿದ್ದು ಏನು? ಬಿಯರ್ ಅಂತೂ ಅಲ್ಲ. ಬೇಲಿಯಿಲ್ಲದೆ ಒಬ್ಬನೇ ಕೂತ ಮನುಷ್ಯ. ಇದು ನನ್ನ ಕಲ್ಪನೆಯಲ್ಲ, ನಿಮ್ಮ ಪರವಾನಗಿಯ ಕರಡಿನ ಹದಿನಾಲ್ಕನೇ ಷರತ್ತೇ ಹೇಳುತ್ತದೆ: ‘ಅಮಲೇರಿದಂತೆ ಕಾಣುವ ಯಾವುದೇ ವ್ಯಕ್ತಿಯನ್ನು ಆವರಣದಿಂದ ಹೊರಗೆ ಕಳಿಸತಕ್ಕದ್ದು.’ ಹೊರಗೆ ಎಂದರೆ ಎಲ್ಲಿಗೆ? ನಾನೂ ಒಬ್ಬರನ್ನು ಹೊರಗೆ ಕಳಿಸಿದ್ದೆ. ಅವರು ಎಲ್ಲಿಗೆ ಹೋದರೆಂದು ಮೇಲೆ ಬರೆದಿದ್ದೇನೆ. ಮತ್ತೆ, ‘ಕಾಣುವ’ ಎಂದರೇನು? ಯಾರ ಕಣ್ಣಿಗೆ? ಕುಡಿದವರಂತೆ ಕಾಣುವುದು ಎಂದರೆ ಏನೆಂದು ನನಗೆ ಗೊತ್ತು, ಹೇಳುತ್ತೇನೆ.

ಎರಡೂವರೆ ವರ್ಷದ ಹಿಂದೆ, ಮೇ ತಿಂಗಳ ಒಂದು ಮಂಗಳವಾರ. ಪಾರ್ಕಿನ ಶೌಚಾಲಯದ ಗೋಡೆಯ ಮೇಲೆ ಕ್ಯಾಮೆರಾ ಇದೆ. ಅದರಲ್ಲಿ ಕಂಡದ್ದನ್ನು ಸಾವಿನ ವಿಚಾರಣೆಯ ವರದಿಯಲ್ಲಿ ನಿಮಿಷದ ಲೆಕ್ಕದಲ್ಲಿ ಬರೆದಿದ್ದಾರೆ. ಮೂರು ಐವತ್ತಕ್ಕೆ ಅವರು ಬಂದು ಕೂತರು. ನಾಲ್ಕು ಹತ್ತಕ್ಕೆ ತಲೆ ಎದೆಯ ಮೇಲೆ ಬಾಗಿತು. ಆರು ಗಂಟೆ ಐದು ನಿಮಿಷಕ್ಕೆ, ನಾಯಿಯನ್ನು ಸುತ್ತಾಡಿಸಲು ಬಂದ ಒಬ್ಬಾಕೆ ಮಾತಾಡಿಸಿ, ಉತ್ತರ ಬಾರದೆ ಆಂಬುಲೆನ್ಸಿಗೆ ಫೋನ್ ಮಾಡಿದಳು. ಹೃದಯ ನಿಂತಿತ್ತು. ನಡುವೆ ನಲವತ್ತೊಂದು ಜನ ಆ ಬೆಂಚಿನ ಮುಂದೆ ಹಾದು ಹೋಗಿದ್ದರು. ಒಬ್ಬರು ಕಂದು ಚೀಲ ನೋಡಿ ಮಗುವಿನ ಗಾಡಿಯನ್ನು ಆಚೆ ಬದಿಗೆ ತಿರುಗಿಸಿದರು. ಇಬ್ಬರು ನಕ್ಕರು. ಹದಿನೇಳನೆಯವಳು ನೀಲಿ ಯೂನಿಫಾರ್ಮಿನ ಹೆಂಗಸು. ನೀರಿನ ನಲ್ಲಿಯ ಬಳಿ ಹನ್ನೊಂದು ಸೆಕೆಂಡು ನಿಂತಿದ್ದು, ಆಮೇಲೆ ಬೇರೆ ದಾರಿ ಹಿಡಿದಳು. ಅವಳು ಯಾರೆಂದು ಪತ್ತೆಯಾಗಿಲ್ಲ ಎಂದು ವರದಿ ಹೇಳುತ್ತದೆ.

ಅವಳು ನಾನು. ಆ ದಿನ ಬಸ್ಸು ತಪ್ಪಿ, ಪಾರ್ಕಿನ ಒಳದಾರಿ ಹಿಡಿದಿದ್ದೆ. ನಲ್ಲಿಯ ಹತ್ತಿರ ಬಂದಾಗ ಅವರು ಕಂಡರು. ತಲೆ ಬಾಗಿಸಿ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದರು. ಇವತ್ತು ಎರಡನೆಯದನ್ನೂ ಇಳಿಸಿ ಎಲ್ಲರೆದುರು ನಿದ್ದೆ ಹೊಡೆಯುತ್ತಿದ್ದಾರೆ ಎಂದು ನನ್ನ ಮೈಯೆಲ್ಲ ಉರಿಯಿತು. ಹತ್ತಿರ ಹೋದರೆ ಜಗಳ, ಜಗಳವಾದರೆ ಮಾನ ಹೋಗುತ್ತದೆ, ಮನೆಗೆ ಬರಲಿ ವಿಚಾರಿಸಿಕೊಳ್ಳುತ್ತೇನೆ ಅಂದುಕೊಂಡೆ. ಅವತ್ತು ಬೆಳಗಿನಿಂದ ಇಪ್ಪತ್ತೆರಡು ಮುದುಕ ಮುದುಕಿಯರ ಭುಜ ಮುಟ್ಟಿ, ಹೆಸರು ಹಿಡಿದು ಕರೆದು, ಅವರು ಕಣ್ಣು ತೆರೆದ ಮೇಲೆ ಹಾಳೆಯಲ್ಲಿ ಸಹಿ ಹಾಕಿ ಬಂದವಳು ನಾನು. ನಿದ್ದೆ ಎಂದು ಊಹಿಸಕೂಡದು, ಮುಟ್ಟಿ ನೋಡಬೇಕು. ನಮ್ಮ ಕೆಲಸದ ಮೊದಲ ನಿಯಮವೇ ಅದು. ನನ್ನ ಗಂಡನ ಭುಜ ಮುಟ್ಟಲಿಲ್ಲ. ಮನೆಗೆ ಹೋಗಿ ಹುರುಳಿಕಾಳು ಬೇಯಲಿಟ್ಟೆ, ಬೈಯಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ. ಆಗಲೇ ಎಬ್ಬಿಸಿದ್ದರೆ ಉಳಿಯುತ್ತಿದ್ದರೇ ಎಂದು ಆಮೇಲೆ ಡಾಕ್ಟರನ್ನು ಕೇಳಿದೆ, ಬೇರೆ ಯಾರದೋ ಬಗ್ಗೆ ಕೇಳುವವಳ ಹಾಗೆ. ಹೇಳಲಾಗದು ಅಂದರು. ಇಲ್ಲ ಅಂದಿದ್ದರೆ ಅಳುತ್ತಿದ್ದೆ, ಹೌದು ಅಂದಿದ್ದರೆ ಸಾಯುತ್ತಿದ್ದೆ. ಹೇಳಲಾಗದು ಎಂಬುದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ನಿಮಗೆ ಕಳಿಸುವ ಇಂಗ್ಲಿಷ್ ಪ್ರತಿಯನ್ನು ತನುಶ್ರೀ ಮಾಡುತ್ತಿದ್ದಾಳೆ. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ನಾನು ಓದುತ್ತೇನೆ, ಅವಳು ಟೈಪ್ ಮಾಡುತ್ತಾಳೆ. ಮೇಲಿನ ಮಾತುಗಳನ್ನು ಬರೆದು ನಾಲ್ಕು ದಿನ ಸುಮ್ಮನಿದ್ದೆ. ಇವತ್ತು ಭಾನುವಾರ, ಅಡುಗೆಮನೆಯ ಮೇಜಿನ ಮುಂದೆ ಕೂತು ಓದಿದೆ. ಅವಳ ಬೆರಳುಗಳು ನಿಂತವು. ನಾನು ಕಾಗದದಿಂದ ತಲೆ ಎತ್ತಲಿಲ್ಲ.

“ಐ ನ್ಯೂ, ಅಮ್ಮಾ,” ಅಂದಳು. “ಬ್ಲೂ ಯೂನಿಫಾರ್ಮ್. ಐ ರೆಡ್ ದ ರಿಪೋರ್ಟ್ ಬಿಫೋರ್ ಯು ಡಿಡ್.”

“ಮತ್ತೆ ಇಷ್ಟ್ ದಿನ ಯಾಕೆ ಕೇಳ್ಲಿಲ್ಲ?”

“ನೀನೇ ಹೇಳ್ಬೇಕಿತ್ತು,” ಅಂದಳು. ಅಪರೂಪಕ್ಕೆ ಕನ್ನಡದಲ್ಲಿ ಅಂದಳು.

ತಬ್ಬಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ಮುಖ ತೊಳೆದು ಬಂದಳು. ಕೂತು, “ವಾಟ್ಸ್ ದ ನೆಕ್ಸ್ಟ್ ಸೆಂಟೆನ್ಸ್?” ಎಂದು ಕೇಳಿದಳು.

ಮುಂದಿನ ವಾಕ್ಯ ಇದು, ಮಾನ್ಯರೇ. ನಿಮ್ಮ ಬಿಯರ್ ತೋಟ ಬೇಕಾದರೆ ಆಗಲಿ. ಮನುಷ್ಯರು ಬೆಳಕಿನಲ್ಲಿ, ನಾಲ್ಕು ಜನರ ನಡುವೆ, ಕಾಗದದ ಚೀಲ ಸುತ್ತದೆ ಕುಡಿಯುವುದಾದರೆ ಅದಕ್ಕೆ ಅಡ್ಡ ಬರುವ ಯೋಗ್ಯತೆ ನನಗಿಲ್ಲ. ಆದರೆ ಹದಿನಾಲ್ಕನೇ ಷರತ್ತನ್ನು ಹೊಡೆದು ಹಾಕಿ, ಅದರ ಜಾಗದಲ್ಲಿ ಹೀಗೆ ಬರೆಯಿರಿ: ಬೇಲಿಯ ಒಳಗಾಗಲಿ ಹೊರಗಿನ ಬೆಂಚಿನ ಮೇಲಾಗಲಿ, ಕಣ್ಣು ಮುಚ್ಚಿ ಕೂತ ಯಾರನ್ನೇ ಕಂಡರೂ, ಅವರು ಕುಡಿದಿರಲಿ ಬಿಡಲಿ, ಕೆಲಸದವರು ಹತ್ತಿರ ಹೋಗಿ ಭುಜ ಮುಟ್ಟಿ ಎಬ್ಬಿಸತಕ್ಕದ್ದು, ಅವರು ಕಣ್ಣು ತೆರೆಯುವ ತನಕ ಬಿಟ್ಟು ಹೋಗತಕ್ಕದ್ದಲ್ಲ. ಹೇಗೆ ಮುಟ್ಟಬೇಕೆಂದು ಅವರಿಗೆ ತಿಳಿಯದಿದ್ದರೆ ನಾನು ಶನಿವಾರ ಬಂದು ಕಲಿಸುತ್ತೇನೆ. ಆ ಬೆಂಚು ಇದ್ದಲ್ಲೇ ಇರಲಿ. ವರ್ಷಕ್ಕೊಮ್ಮೆ, ಪಿತೃಪಕ್ಷದ ಅಮಾವಾಸ್ಯೆಯ ಸಂಜೆ ಅರ್ಧ ಗಂಟೆ ಅದನ್ನು ನಮಗೆ ಬಿಟ್ಟುಕೊಡಿ, ಎಲೆಯ ಪಕ್ಕ ಒಂದು ತೆರೆದ ಬಾಟಲಿಗೆ ಅನುಮತಿ ಬರೆದುಕೊಡಿ. ಆ ಹೊತ್ತಿನಲ್ಲಿ ಮಾತ್ರ ನಿಮ್ಮ ಕೆಲಸದವರು ಯಾರೂ ಹತ್ತಿರ ಬರುವುದು ಬೇಡ. ನನ್ನ ಗಂಡನನ್ನು ಹೆಸರು ಹಿಡಿದು ಕರೆದು ಎಬ್ಬಿಸುವ ಕೆಲಸ ನನ್ನದು.

ಇಂತಿ,
ನಲವತ್ತೊಂದು ಜನರಲ್ಲಿ ಹದಿನೇಳನೆಯವಳು,
ಕಮಲಾ ಚಂದ್ರಹಾಸ